ಧಾರೇಶ್ವರದ ಡೆಕ್ ಮತ್ತು ಮೂಲೆಯ ಕಂಬ

2003ರಲ್ಲಿ ನಾನು ಕುಮಟಾದಲ್ಲಿ ಸಣ್ಣಪುಟ್ಟ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಿದ್ದೆ. ಆ ಬೇಸಿಗೆಯಲ್ಲಿ ಧಾರೇಶ್ವರದ ನಿವೃತ್ತ ಶಿಕ್ಷಕ ನಾಯ್ಕ ಮಾಸ್ತರರು ತಮ್ಮ ಇಳಿಜಾರು ಹಿತ್ತಲಿನಲ್ಲಿ ಮರದ ಡೆಕ್ ಮಾಡಿಕೊಡಲು ಕೇಳಿದರು. ಡೆಕ್ ಎಂದರೆ ಕಂಬಗಳ ಮೇಲೆ ಹಲಗೆ ಹಾಸಿದ ತೆರೆದ ಜಗಲಿ. ಮನೆಯ ಕಡೆ ಅದು ಹಿಂಬಾಗಿಲಿನ ಮಟ್ಟಕ್ಕಿತ್ತು. ಇಳಿಜಾರಿನ ತುದಿಯಲ್ಲಿ ನೆಲದಿಂದ ಒಂಬತ್ತು ಅಡಿ ಎತ್ತರ. ಮೆಟ್ಟಿಲಿಳಿಯಲಾಗದ ಅವರ ತಾಯಿ ಸುಬ್ಬಮ್ಮ ಗಾಳಿಗೆ ಕೂರಲಿ ಎಂಬುದು ಮಾಸ್ತರರ ಆಸೆ.

ಆರು ಕಂಬಗಳಿಗೆ ಗುಂಡಿ ತೋಡಿಸಿದೆ. ಐದರಲ್ಲಿ ಗಟ್ಟಿ ಚಿರೇಕಲ್ಲು ಸಿಕ್ಕಿತು. ತುದಿಯ ಮೂಲೆಯಲ್ಲಿ ಮಾತ್ರ ಸಡಿಲ ಮಣ್ಣು.

"ಇದು ಹೊರಗಿಂದ ತಂದು ತುಂಬಿದ ಮಣ್ಣು. ಇನ್ನೆರಡು ಅಡಿ ತೋಡುವನಾ?" ಎಂದು ಬಡಗಿ ಮಂಜು ಆಚಾರಿ ಕೇಳಿದ. ಮಳೆ ಹತ್ತಿರವಾಗಿತ್ತು. "ಸಾಕು, ಕಾಂಕ್ರೀಟ್ ಹಾಕು" ಎಂದೆ.

ಸೆಪ್ಟೆಂಬರಿನಲ್ಲಿ ಮಾಸ್ತರರ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ಡೆಕ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ ಹರಟುತ್ತಿದ್ದರು. ಕೆಲಸ ಹೇಗಿದೆ ನೋಡೋಣವೆಂದು ಹಿತ್ತಲಿಗಿಳಿದೆ. ಮೂಲೆಯ ಫೂಟಿಂಗ್, ಅಂದರೆ ಕಂಬವನ್ನು ಹೊರುವ ಕಾಂಕ್ರೀಟ್ ಪೀಠದ ಅಡಿಯ ಮಣ್ಣನ್ನು ಮಳೆನೀರು ಕೊಚ್ಚಿಕೊಂಡು ಹೋಗಿತ್ತು. ಕೈ ಹಾಕಿದರೆ ಮೊಣಕೈವರೆಗೂ ಪೊಳ್ಳು. ಮೇಲೆ ಯಾರೋ ನಡೆದರು; ಪೀಠ ಅಲುಗಿತು.

ಕೂಗಿದರೆ ಎಲ್ಲರೂ ಎಂತ ಆತೆಂದು ನೋಡಲು ಅದೇ ಮೂಲೆಗೆ ನುಗ್ಗುತ್ತಿದ್ದರು. ಓಡಿ ಹತ್ತಿ ಮಾಸ್ತರರ ಕಿವಿಯಲ್ಲಿ ಹೇಳಿದೆ: "ತೊಟ್ಟಿಲ ಶಾಸ್ತ್ರ ಈಗಲೇ ಅಂತ ಹೇಳಿ ಎಲ್ಲರನ್ನೂ ನಿಧಾನಕ್ಕೆ ಒಳಗೆ ಕರೀರಿ. ಕಾರಣ ಆಮೇಲೆ ಹೇಳ್ತೆ." ಅವರು ನನ್ನ ಮುಖ ನೋಡಿ, ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆದರು.

ಜನ ಒಬ್ಬೊಬ್ಬರಾಗಿ ಒಳಗೆ ಹೋಗತೊಡಗಿದರು. ಕೊನೆಗೆ ಉಳಿದವರು ಸುಬ್ಬಮ್ಮ; ಅದೇ ಮೂಲೆಯಲ್ಲಿ, ಅಂಚಿನ ಕಟಕಟೆಗೆ ತಾಗಿದ ಕುರ್ಚಿಯಲ್ಲಿ.

"ನಾ ಇಲ್ಲೇ ಇರ್ತೆ. ಗಾಳಿ ಚೊಲೋ ಬತ್ತದೆ" ಎಂದರು.

"ಮೊಮ್ಮಗಳ ಮಗಳಿಗೆ ಹೆಸರಿಡೂದು ಬೇಡ್ವನಾ ಅಮ್ಮ?" ಎಂದು ಏನೋ ಬಾಯಿಗೆ ಬಂದದ್ದು ಹೇಳಿದೆ. "ಮೊಮ್ಮಗಳಲ್ಲ, ಮೊಮ್ಮಗನ ಮಗಳು" ಎಂದು ತಿದ್ದುವಷ್ಟರಲ್ಲಿ ಅವರನ್ನು ಎತ್ತಿಕೊಂಡಿದ್ದೆ. ಕಾಲ ಕೆಳಗೆ ಹಲಗೆ ವಾಲಿತು. ಅವರು ಮಾತು ನಿಲ್ಲಿಸಿ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದರು. ಬಾಗಿಲಿಗೆ ಮೂರು ಹೆಜ್ಜೆ ಇದ್ದಾಗ ಹಿಂದೆ ಲಟಕ್ಕೆಂದಿತು. ಅವರನ್ನು ಒಳಗಿಳಿಸಿ ತಿರುಗಿದರೆ ಆ ಮೂಲೆಯೇ ಇರಲಿಲ್ಲ. ಕುರ್ಚಿ ಕೆಳಗೆ ಮುರಿದು ಬಿದ್ದಿತ್ತು.

ಸಂಜೆ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಮಳೆಯದು ತಪ್ಪಲ್ಲ, ಬಡಗಿಯದೂ ಅಲ್ಲ, ಅವನು ಕೇಳಿದ್ದ, ಬೇಡವೆಂದವನು ನಾನು ಎಂದೆ. "ಆತು. ನೀವೇ ಮತ್ತೆ ಕಟ್ಟಿ. ಆದರೆ ಅಮ್ಮನಿಗೆ ನೀವೇ ಹೇಳಬೇಕು" ಎಂದರು ಮಾಸ್ತರರು. ಹೇಳಿದೆ. ಡೆಕ್ ಮತ್ತೆ ಎದ್ದಿತು. ಸುಬ್ಬಮ್ಮ ಮಾತ್ರ ಅದರ ಮೇಲೆ ಕಾಲಿಡಲಿಲ್ಲ.

ಒಡೆದದ್ದನ್ನು ಮತ್ತೆ ಕಟ್ಟಿಕೊಡಬಹುದು. ಒಮ್ಮೆ ಹೊಕ್ಕ ಹೆದರಿಕೆಯನ್ನು ತೆಗೆಯುವ ಕೆಲಸ ಯಾವ ಗುತ್ತಿಗೆದಾರನಿಗೂ ಬರುವುದಿಲ್ಲ.