ಮೇಷ್ಟ್ರು ಕಲಿಸದೆ ಬಿಟ್ಟ ಪಾಠ

ಮೊನ್ನೆ ಕೆ.ಆರ್. ನಗರದ ಹಳೇ ಸಾಮಾನಿನ ಅಂಗಡಿಯಲ್ಲಿ, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಒಂದು ಕಣ್ಣಿಗೆ ಬಿತ್ತು. ಮುಚ್ಚಳ ಎತ್ತಿದರೆ ಹಳೇ ಚರ್ಮ, ನುಸಿಗುಳಿಗೆ ಬೆರೆತ ವಾಸನೆ. ನಾಟಕದ ಮೇಷ್ಟ್ರು ಪಕ್ಕದಲ್ಲೇ ಬಂದು ಕೂತ ಹಾಗಾಯಿತು...

ಅರವತ್ತರ ದಶಕದ ಕೊನೆ. ನಮ್ಮ ಮನೆ ಚುಂಚನಕಟ್ಟೆಯಲ್ಲಿ. ಪೋಲಿಯೊ ಬಂದು ನನ್ನ ಕಾಲು, ಸೊಂಟ ಎರಡೂ ಸೋತಿದ್ದವು. ಬೆನ್ನಿಗೆ ಆಸರೆಯಿದ್ದರೆ ಮಾತ್ರ ಕೂರುತ್ತಿದ್ದೆ. ಹಾಡುವ ಹುಚ್ಚಿಗೇನೂ ಕಮ್ಮಿಯಿರಲಿಲ್ಲ. ಪೇಟೆಯ ವಿದ್ವಾಂಸರೊಬ್ಬರು, ಚಕ್ಕಳಮಕ್ಕಳ ಹಾಕಿ ಕೂರಲಾಗದವಳಿಗೆ ಎಂಥ ಸಂಗೀತ ಎಂದು ಅಪ್ಪನನ್ನು ಬಾಗಿಲಿಂದಲೇ ಕಳಿಸಿದ್ದರು. ಕಾಲಿಗೂ ಗಂಟಲಿಗೂ ಎಲ್ಲಿಯ ನಂಟೋ! ಕೊನೆಗೆ ಅಪ್ಪ, ಊರಿನವರಿಗೆ ನಾಟಕ ಕಲಿಸಲು ಬರುತ್ತಿದ್ದ ಮೇಷ್ಟ್ರನ್ನು ಕೇಳಿದರು. ಅವರು ಮೈಸೂರಿನಲ್ಲಿ ಶಾಸ್ತ್ರೀಯವಾಗಿ ಕಲಿತವರು.

“ಅದ್ಕೇನಂತೆ? ನಾನೂ ಕುರ್ಚಿ ಮ್ಯಾಲೇ ತಾನೆ ಕೂರಾದು,” ಅಂದರು.

ಪಾಠದಲ್ಲಿ ನನ್ನನ್ನೂ ಕುರ್ಚಿಗೆ ಒರಗಿಸಿ ಕೂರಿಸಿ, “ನನ್ನ ಕಾಲ್ನೋಡ್ಕೊಂಡು ಉಸ್ರು ತಗೊಳವ್ವ” ಎನ್ನುತ್ತಿದ್ದರು. ಅವರು ಎಂಟು ಸಲ ಹಾರ್ಮೋನಿಯಂ ಪೆಡಲ್ ತುಳಿಯುವವರೆಗೂ ನನ್ನ ಷಡ್ಜ ಅಲುಗಬಾರದು. ಅಲುಗಿದರೆ ಬೈಗುಳ, ಮತ್ತೆ ಮೊದಲಿಂದ. ಅಲ್ಲಿಯವರೆಗೆ ನನ್ನನ್ನು ನೋಡಿ ಅಯ್ಯೋ ಪಾಪ ಅಂದವರೇ ಎಲ್ಲ. ಬೈಸಿಕೊಳ್ಳುವುದು ನನಗೆ ಹಬ್ಬವಾಗಿತ್ತು.

ಮೂರು ವರ್ಷದ ಮೇಲೆ ಮೇಷ್ಟ್ರೂ ನಾನೂ ಮೈಸೂರಿಗೆ ಸಂಗೀತದ ಜೂನಿಯರ್ ಪರೀಕ್ಷೆಗೆ ಹೋದೆವು. ಪಾಸಾದರೆ ಮುಂದೆ ನಾಲ್ಕು ಮಕ್ಕಳಿಗೆ ಪಾಠ ಹೇಳಿ ಬದುಕಬಹುದು. ನನಗಿದ್ದದ್ದು ಅದೊಂದೇ ದಾರಿ. ಮೇಷ್ಟ್ರು ಬಾಗಿಲಾಚೆಯೇ ಉಳಿದರು. ಒಳಗೆ ಪರೀಕ್ಷಕರು ಜಮಖಾನದ ಮೇಲೆ ಕೂತಿದ್ದರು. ಅಂಥವರೆದುರು ನಾನು ಎತ್ತರದಲ್ಲಿ ಕೂರುವುದುಂಟೇ? ಯಾರೂ ಹೇಳದಿದ್ದರೂ ನಾನೇ ನೆಲಕ್ಕಿಳಿದೆ. ಬೀಳದಿರಲು ಎರಡೂ ಕೈ ಊರಿಕೊಂಡ ಮೇಲೆ ತಾಳ ಹಾಕಲು ಕೈಯೆಲ್ಲಿ? ಉಸಿರು ಅರ್ಧಕ್ಕೇ ನಿಂತಿತು. ಫೇಲಾದೆನೆಂದು ಫಲಿತಾಂಶಕ್ಕೆ ಮೊದಲೇ ಗೊತ್ತಾಯಿತು.

ನಡೆದದ್ದೆಲ್ಲ ಹೇಳಿಕೊಂಡು ಬಸ್ಸಿನಲ್ಲಿ ಒಂದೇ ಸಮ ಅಳುತ್ತಿದ್ದೆ. ಮೇಷ್ಟ್ರು ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈಗಿತ್ತರು.

“ಎಲ್ಲಾ ಯೋಳ್ಕೊಟ್ಟೆ ಕಣವ್ವ, ಕುರ್ಚಿ ಕೇಳಾದ್ನ ಯೋಳ್ಕೊಡ್ನಿಲ್ಲ. ತಪ್ಪು ನಂದು.”

ಮುಂದಿನ ವರ್ಷ ಕೋಣೆಗೆ ಹೋದವಳೇ, “ನನಗೊಂದು ಕುರ್ಚಿ ಬೇಕು” ಅಂದೆ. ಪರೀಕ್ಷಕರೊಬ್ಬರು ತಾವೇ ಎದ್ದು ತಂದಿಟ್ಟರು. ಅಷ್ಟೇ! ಪಾಸಾದೆ. ಹೇಳೋಣವೆಂದರೆ ಮೇಷ್ಟ್ರಿರಲಿಲ್ಲ, ಪರೀಕ್ಷೆಗೆ ಮೊದಲು, ಆ ಬೇಸಿಗೆಯಲ್ಲೇ ಜ್ವರ ಬಂದು ತೀರಿಕೊಂಡಿದ್ದರು...

ಈಗ ನನ್ನಲ್ಲಿ ಪಾಠಕ್ಕೆ ಬರುವವರಲ್ಲಿ ಕಣ್ಣು ಕಾಣದವರಿದ್ದಾರೆ, ನನ್ನಂತೆ ಕಾಲು ಸೋತವರಿದ್ದಾರೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದನ್ನು ಅವರಿಗೆ ಮೊದಲ ಪಾಠವಾದ ಸರಳೆವರಸೆಗೂ ಮುಂಚೆಯೇ ಕಲಿಸುತ್ತೇನೆ. ತಪ್ಪು ನಿಮ್ಮದಲ್ಲ ಮೇಷ್ಟ್ರೇ ಎಂದು ಆ ಬಸ್ಸಿನಲ್ಲೇ ಹೇಳಬೇಕಿತ್ತು. ಅಳುವ ಭರದಲ್ಲಿ ಅದನ್ನು ಹೇಳಲೇ ಇಲ್ಲ.