ಲ್ಯಾಪ್‌ಟಾಪಿಗೆ ಹೊಲಿದ ಗವಸು

ನಮ್ಮ ಬೀದಿಯ ಟೈಲರ್ ಮಾಸ್ತರರದು ಸುಮ್ಮನಿರುವ ಕೈಯಲ್ಲ. ಗಿರಾಕಿಗಳ ಬಟ್ಟೆ ಮುಗಿಯಿತೆಂದರೆ ಮನೆಯ ಸಾಮಾನಿಗೆ ಟೇಪು ಹಿಡಿಯುತ್ತಿದ್ದರು. ರೇಡಿಯೋಗೆ ಗವಸು, ಮಿಕ್ಸಿಗೆ ಗವಸು, ಕೊನೆಗೆ ಟಿವಿಯ ರಿಮೋಟಿಗೂ ಗವಸು. 'ಗವಸು ಮಾಸ್ತರ' ಎಂದು ಜನ ಆಡಿಕೊಂಡರೂ ಬೇಸರವಿಲ್ಲ. ಬಟ್ಟೆ ತೊಡದ ವಸ್ತು ಕಂಡರೆ ಆ ಜೀವಕ್ಕೆ ಸಮಾಧಾನವೇ ಇಲ್ಲ, ಏನು ಮಾಡೋಣ.

ಅಂಥವರ ಮನೆಗೆ ಸೊಸೆಯ ಹೊಸ ಲ್ಯಾಪ್‌ಟಾಪ್ ಬಂತು. ಮನೆಯಲ್ಲೇ ಕೂತು ಯಾವುದೋ ಕಂಪನಿಯ ಗಿರಾಕಿಗಳ ದೂರು ಕೇಳುವ ಕೆಲಸ ಅವಳದು. ಇನ್ನೂ ಖಾಯಂ ಆಗಿರಲಿಲ್ಲ. ಮಾವ ಅಕ್ಕರೆಯಿಂದ ಅದಕ್ಕೊಂದು ಗವಸು ಹೊಲಿದರು. ತಳಕ್ಕೆ ಹತ್ತಿ ತುಂಬಿ, ಬದಿಯ ಸೀಳುಗಳಿಗೂ ದೂಳು ಹೋಗದಂತೆ ಬಿಗಿಯಾಗಿ ಅಂಚು ಕಟ್ಟಿದ, ಕೆಲಸ ಮಾಡುವಾಗಲೂ ಕಳಚಬೇಕಿಲ್ಲದ ಗವಸು. ಸೊಸೆ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಮಾವ ಮಾಡಿದ್ದೆಂದರೆ ಅವಳಲ್ಲಿ ಮರುಮಾತಿಲ್ಲ. ಹೆತ್ತ ಮಗನಿಗಿಂತ ಈ ಹುಡುಗಿಯ ಮೆಚ್ಚುಗೆಯೇ ಅವರಿಗೆ ದೊಡ್ಡದಾಗಿತ್ತು.

ಮರುದಿನದಿಂದ ಲ್ಯಾಪ್‌ಟಾಪಿನೊಳಗಿನ ಫ್ಯಾನು ಗುಂಯ್ ಎಂದು ಕೂಗತೊಡಗಿತು. ಫೋನಿನ ಆ ಕಡೆಯವರು, "ಏನಮ್ಮಾ, ಹಿಟ್ಟಿನ ಗಿರಣಿಲಿ ಕೂತಿದೀರಾ?" ಎಂದು ಕೇಳುವಂತಾಯಿತು. ಮೇಲಿನವರು ಹೀಗಾದರೆ ಕೆಲಸ ಕಷ್ಟ ಎಂದು ಎಚ್ಚರಿಸಿದರು. ಆರಿಸಿ ಹಚ್ಚಿದಳು, ಕಿಟಕಿಯ ಬಳಿ ಇಟ್ಟು ನೋಡಿದಳು, ಊಹೂಂ.

"ಹಳೇ ಮಾಲು ತಳ್ಳಿದಾರೆ. ನಡಿ, ನಾನು ನೋಡ್ಕೋತೀನಿ," ಎಂದರು ಮಾವ.

ಲ್ಯಾಪ್‌ಟಾಪ್ ಕೊಂಡ ಅಂಗಡಿಯಲ್ಲಿ ಅವರು ಹಾರಾಡಿದ್ದೇ ಹಾರಾಡಿದ್ದು. "ನಾನೂ ಅಂಗಡಿ ಇಟ್ಟವನೇ ಕಣಯ್ಯಾ. ಒಂದು ಗುಂಡಿ ಸಡಿಲ ಇದ್ರೂ ಗಿರಾಕಿ ಕೈಗೆ ಕೊಟ್ಟವನಲ್ಲ. ನಿಮಗೆ ಮಾನ ಮರ್ಯಾದೆ ಇದೆಯಾ?" ಬಂದವರೆಲ್ಲ ತಿರುಗಿ ನಿಂತರು. ಅಲ್ಲಿನ ರಿಪೇರಿಯವನು ಲ್ಯಾಪ್‌ಟಾಪ್ ಹಚ್ಚಿ, ಸದ್ದು ಕೇಳಿ, ಗವಸು ಕಳಚಿ, ಅದನ್ನು ಬರಿಮೈಯಲ್ಲಿ ಮೇಜಿನ ಮೇಲಿಟ್ಟ. ನೋಡನೋಡುತ್ತ ಸದ್ದು ಇಳಿದು ಕೇಳಿಸದಂತಾಯಿತು.

"ಈ ಸೀಳುಗಳಿಂದಾನೇ ಇದು ಉಸಿರಾಡೋದು. ಮೂಗು ಬಾಯಿ ಎರಡೂ ಹೊಲಿದುಬಿಟ್ಟಿದೀರಲ್ಲ. ಯಾರು ಮಾಡಿದ್ದು ಈ ಘನಂದಾರಿ ಕೆಲಸ?"

ಅಂಗಡಿಯೆಲ್ಲ ನಕ್ಕಿತು. ಮಾಸ್ತರರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಾನೇ ಹೊಲಿದಿದ್ದು," ಎಂದಳು ಸೊಸೆ. ಸೂಜಿಗೆ ದಾರ ಪೋಣಿಸಲೂ ಬಾರದವಳು.

"ಸ್ವಲ್ಪ ನೋಡಿ ಮಾಡಬಾರದಾ, ಅಮ್ಮಾ. ಸುಮ್ಮನೆ ನಮ್ಮ ಮೇಲೆ ಕೂಗಾಡಿಸಿದ್ರಿ," ಎಂದು ರಿಪೇರಿಯವನು ಎಲ್ಲರೆದುರು ಅವಳಿಗೆ ಬುದ್ಧಿ ಹೇಳಿದ. ಅಲ್ಲ, 'ಅವಳಲ್ಲ, ನಾನು' ಎನ್ನುವುದಕ್ಕೆ ಏನು ದಾಡಿಯಾಗಿತ್ತು ಈ ಮನುಷ್ಯನಿಗೆ? ಅಷ್ಟಕ್ಕೇ ನಿಂತಿದ್ದರೂ ಬೇರೆ ಮಾತು. ರಿಪೇರಿಯವನು ಗವಸನ್ನು ತಿರುಗಿಸಿ ನೋಡಿ, "ಹೊಲಿಗೆ ಮಾತ್ರ ಅಚ್ಚುಕಟ್ಟು. ನೀವು ಕಲಿಸಿದ್ದಾ, ಯಜಮಾನ್ರೇ?" ಎಂದ.

"ಹೂಂ," ಎಂದುಬಿಟ್ಟಿತು ಎಲುಬಿಲ್ಲದ ನಾಲಿಗೆ.

ಮನೆಗೆ ಬಂದವಳೇ ಸೊಸೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು. ಮಾಸ್ತರರು ಹೊಲಿಗೆ ಮೆಷಿನ್ನಿನ ಮುಂದೆ ಕೂತರು, ಎದ್ದರು, ನೀರು ಕುಡಿದರು. ಅಂಗಡಿಯವರ ನಗು ನಾಳೆಗೆ ಮರೆತೀತು. ಬೈಗುಳವನ್ನು ಅವಳಿಗೆ ಬಿಟ್ಟು ಹೊಗಳಿಕೆಯನ್ನು ನಾನು ಎತ್ತಿಕೊಂಡೆನಲ್ಲ ಎಂಬ ನಾಚಿಕೆಗೆ ಮೈಯೆಲ್ಲ ಉರಿಯಿತು. ಆಚೆ ಕೋಣೆಯಿಂದ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಕರೆಗಳ ನಡುವೆ ಬಿಡುವು ಸಿಕ್ಕಾಗ ಹೋಗಿ ಬಾಗಿಲಲ್ಲಿ ನಿಂತರು.

"ಹೊಲಿದಿದ್ದು ನಾನು ಅಂತ ಅಲ್ಲೇ ಹೇಳಬೇಕಿತ್ತಮ್ಮಾ."

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೇಳ್ತೀರಾ ಅಂತ ಕಾದೆ, ಮಾವ," ಎಂದಳು. ಅಷ್ಟರಲ್ಲಿ ಮತ್ತೊಂದು ಕರೆ ಬಂತು.