ತಾಮ್ರದ ಕಲ್ಲಿಗೆ ಲಿಂಬೆಹುಳಿ

ಕೂತುಕೊಳ್ಳಿ ಮಕ್ಕಳೇ, ಆ ಫೋನು ಅತ್ತ ಇಟ್ಟು ಕೇಳಿ. ಒಂದು ದಿನ ಮೊಮ್ಮಗಳು ಶ್ರಾವ್ಯಾ ಬಂದು, ಈ ಅರಬ್ ನಾಡಿನ ಹತ್ತಾ ಎಂಬ ಊರ ಕಡೆಯ ಬೆಟ್ಟದಲ್ಲಿ ಹಿಂದಿನವರು ತಾಮ್ರ ಅಗೆದ ಗಣಿಯಿದೆ, ನಡೆದು ಹೋಗಲು ದಾರಿ ಮಾಡಿ ಅಲ್ಲಲ್ಲಿ ಕಥೆಯ ಬೋರ್ಡು ನಿಲ್ಲಿಸಿದ್ದಾರೆ ಎಂದಳು. ಖಾಲಿದಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು ಬೇಸತ್ತಿದ್ದ ನಾನು ಹೊರಟೇಬಿಟ್ಟೆ. ತಿರುವುಗಳಲ್ಲಿ ವಾಂತಿ ಬಾರದಿರಲೆಂದು ಮೂಸಲು ಕೈಯಲ್ಲೊಂದು ಲಿಂಬೆಹುಳಿ ಹಿಡಿದಿದ್ದೆ.

ಗಣಿಯ ಬಾಯಲ್ಲಿ ಹಸಿರು ಕಲ್ಲು. ನನಗೆ ಓದು ಬಾರದು. ಶ್ರಾವ್ಯಾ ಬೋರ್ಡು ನೋಡಿ, "ಅಜ್ಜಿ, ದಿಸ್ ಈಸ್ ಕಾಪರ್" ಎಂದಳು. ಜೀವಮಾನವಿಡೀ ತಾಮ್ರದ ಹಂಡೆ ತಿಕ್ಕಿದವಳು ನಾನು. ತಾಮ್ರವಾದರೆ ಹುಳಿಗೆ ಹೊಳೆಯಬೇಕಲ್ಲ? ಲಿಂಬೆ ಕಚ್ಚಿ ಕಲ್ಲಿಗೆ ತಿಕ್ಕಿದೆ.

"ಮಾಫಿ ಟಚ್, ಅಮ್ಮಾ, ಮಾಫಿ!" ಮುಟ್ಟಬೇಡ ಎಂದು ಇಲ್ಲಿಯ ಮಾತಿನಲ್ಲಿ ಕೂಗುತ್ತ ಬಿಳಿ ನಿಲುವಂಗಿ ಎತ್ತಿ ಹಿಡಿದು ಕಾವಲಿನವ ಓಡಿ ಬಂದ. ಮುಟ್ಟಿದವರಿಗೆ ಗಣಿಯೊಳಗೆ ಪ್ರವೇಶವಿಲ್ಲ ಎಂದು ಹಿಂದಿಯಲ್ಲಿ ಗದರಿದ.

"ಅಜ್ಜಿ, ಪ್ಲೀಸ್, ಫೈನ್ ಹಾಕ್ತಾರೆ!"

"ತೊಳೆದದ್ದಕ್ಕೆ ಫೈನಾ? ನಮ್ಮಲ್ಲಿ ತೊಳೆಯದಿದ್ದರೆ ಬೈಯುವುದು."

ಅಷ್ಟರಲ್ಲಿ ಕಲ್ಲಿನ ಮೇಲೆ ಸಣ್ಣಗೆ ನೊರೆ ಎದ್ದಿತು. ಕಾವಲಿನವ ಬೈಯುವುದು ಬಿಟ್ಟು ಬಗ್ಗಿದ. ಮೂವರೂ ತಲೆಗೆ ತಲೆ ತಾಗಿಸಿ ಕಾದೆವು. ಹೊಳಪು ಮಾತ್ರ ಬರಲಿಲ್ಲ.

"ಇದರಿಂದ ತಾಮ್ರ ಬರಲು ಬೆಂಕಿ ಬೇಕು ಅಮ್ಮಾ," ಎಂದು ನಕ್ಕು, ಲಿಂಬೆ ಕಿತ್ತುಕೊಂಡು ನನ್ನನ್ನು ಒಳಗೆ ಬಿಟ್ಟ.

ಈಗ ಆ ಕಲ್ಲಿನ ಸುತ್ತ ಹಗ್ಗ ಕಟ್ಟಿದ್ದಾರಂತೆ, ಹೋಗಿ ಬಂದ ನೆರೆಮನೆಯವರು ಹೇಳಿದರು. ಕಾವಲಿನವ ಬಂದವರಿಗೆಲ್ಲ ನೊರೆಯ ಕಥೆ ಹೇಳುತ್ತಾನಂತೆ. ಶ್ರಾವ್ಯಾ ನನ್ನನ್ನು ಶಾಪಿಂಗ್ ಮಾಲಿಗೆ ಮಾತ್ರ ಕರೆದೊಯ್ಯುತ್ತಾಳೆ. ಅಲ್ಲಿ ನಾನು ಇನ್ನೂ ಏನನ್ನೂ ತಿಕ್ಕಿಲ್ಲ.